ಕಿವಿ ತೆರೆಸಿದ ಎಫ್‌ಐಆರ್

2025ರ ಮೇ ತಿಂಗಳಲ್ಲಿ ಕನ್ನಡಿಗರ ಕಿವಿ ಇದ್ದಕ್ಕಿದ್ದಂತೆ ಚುರುಕಾಯಿತು. ಮುಂಬೈ ಗಾಯಕ ಸೋನು ನಿಗಮ್‌ಗೆ ಕನ್ನಡ ಉಚ್ಚಾರಣೆ ಬರುವುದಿಲ್ಲ ಎಂಬ ಸತ್ಯ ಒಂದೇ ವಾರದಲ್ಲಿ ಬೀದಿಬೀದಿಗೂ ಹೊಳೆಯಿತು. 2006ರಲ್ಲಿ ‘ಮುಂಗಾರು ಮಳೆ’ ಸಿನಿಮಾದಲ್ಲಿ ಆತನ ಹಾಡು ಕೇಳಿ ‘ನಮ್ಮೋರಿಗಿಂತ ಚೆನ್ನಾಗಿ ಹಾಡ್ತಾನೆ ಕಣ್ರೀ’ ಎಂದು ತಲೆದೂಗಿದವರೂ ನಾವೇ. ಇಷ್ಟು ವರ್ಷ ಕೇಳಿಸದ ತಪ್ಪು, ಆತ ವೇದಿಕೆಯಲ್ಲಿ ಆಡಿದ ಮಾತಿಗೆ ಎಫ್‌ಐಆರ್ ಬಿದ್ದ ಮೇಲೆ ಕೇಳಿಸಿತು.

ಆತ ಆಡಿದ್ದು ಕೊಬ್ಬಿನ ಮಾತೇ. ಅನುಮಾನ ಬೇಡ. ಏಪ್ರಿಲ್ 25, ಬೆಂಗಳೂರಿನ ಕಾಲೇಜೊಂದರ ವೇದಿಕೆ. ಕನ್ನಡ ಹಾಡು ಬೇಕೆಂದು ಹುಡುಗನೊಬ್ಬ ‘ಕನ್ನಡ, ಕನ್ನಡ’ ಎಂದು ಕೂಗಿದ. ಕೂಗಿದ ರೀತಿ ಒರಟಾಗಿತ್ತಂತೆ. ಇರಲಿ. ಅದಕ್ಕೆ ಕಾಶ್ಮೀರದ ಪಹಲ್ಗಾಮ್‌ನಲ್ಲಿ ಆಗಷ್ಟೇ ನಡೆದಿದ್ದ ಹತ್ಯಾಕಾಂಡವನ್ನು ತಂದು ಗಂಟು ಹಾಕುವುದೇ? ಸತ್ತವರ ಮನೆಯಲ್ಲಿ ಇನ್ನೂ ಕಣ್ಣೀರು ಆರಿರಲಿಲ್ಲ.

ಉತ್ತರದ ಕಡೆ, ಜೀವಮಾನದಲ್ಲಿ ಒಂದೂ ಕನ್ನಡ ಹಾಡು ಕೇಳದವರು ಆತನ ಕನ್ನಡ ಸೇವೆಗೆ ಪ್ರಮಾಣಪತ್ರ ಬರೆದರು. ಇಲ್ಲಿ, ಹಾಡು ಬರೆದವರ ಹೆಸರೇ ಗೊತ್ತಿಲ್ಲದವರು ಸಾಹಿತ್ಯ ವಿಮರ್ಶಕರಾದರು.

ಮೇ 5ಕ್ಕೆ ಕನ್ನಡದ ಫಿಲ್ಮ್ ಚೇಂಬರ್ ಆತನ ವಿರುದ್ಧ ಅಸಹಕಾರ ಘೋಷಿಸಿತು. ಅದೇ ದಿನ ಗಾಯಕರ ಕ್ಷಮೆಯಾಚನೆಯೂ ಬಂತು. ಕರ್ನಾಟಕದ ಮೇಲಿನ ಪ್ರೀತಿ ತಮ್ಮ ಅಹಂಕಾರಕ್ಕಿಂತ ದೊಡ್ಡದಂತೆ. ಅಹಂಕಾರ ಇದೆ ಎಂಬುದಾದರೂ ದಾಖಲಾಯಿತು. ‘ಕುಲದಲ್ಲಿ ಕೀಳ್ಯಾವುದೋ’ ಸಿನಿಮಾದಿಂದ ಆತ ಹಾಡಿದ್ದನ್ನು ಕಿತ್ತುಹಾಕಿದರು. ಮೇ 15ಕ್ಕೆ ಹೈಕೋರ್ಟ್, ಬಲವಂತದ ಕ್ರಮ ಬೇಡ ಎಂದಿತು. ಟಿವಿಯವರು ಮುಂದಿನ ಬೆಂಕಿ ಹುಡುಕಿಕೊಂಡು ಹೊರಟರು.

ಅಸಹಕಾರವಂತೆ! ಮುಂಬೈ ದನಿಯಿಲ್ಲದೆ ಹಾಡು ಓಡುವುದಿಲ್ಲ ಎಂದು ವರ್ಷಗಟ್ಟಲೆ ನಂಬಿದ್ದು ಯಾರು? ಇದೇ ಉದ್ಯಮ.

ಸ್ಟುಡಿಯೋಗಳಲ್ಲಿ ಟ್ರ್ಯಾಕ್ ಹಾಡುವವರನ್ನು ಒಮ್ಮೆ ಮಾತಾಡಿಸಿ. ಹಾಸನದ ಹುಡುಗನೋ ಶಿವಮೊಗ್ಗದ ಹುಡುಗಿಯೋ ಮೊದಲು ಪೂರ್ತಿ ಹಾಡು ಹಾಡಿಕೊಡಬೇಕು. ‘ಲ’ ಎಲ್ಲಿ, ‘ಳ’ ಎಲ್ಲಿ, ಉಸಿರು ಎಲ್ಲಿ, ಎಲ್ಲ ಆ ಗಂಟಲಿನ ಕೆಲಸ. ಟ್ರ್ಯಾಕ್ ಮುಂಬೈಗೆ ಹೋಗುತ್ತದೆ. ಅಲ್ಲಿ ದೊಡ್ಡವರು ಅದನ್ನೇ ಹೆಡ್‌ಫೋನಿನಲ್ಲಿ ಕೇಳಿಕೊಂಡು, ದೇವನಾಗರಿಯಲ್ಲಿ ಬರೆದಿಟ್ಟುಕೊಂಡ ಸಾಲು ನೋಡಿಕೊಂಡು ಹಾಡುತ್ತಾರೆ. ಹೆಸರು ಅವರದು, ಚೆಕ್ಕೂ ಅವರದು. ಕಲಿಸಿಕೊಟ್ಟ ದನಿಯನ್ನು ಅಳಿಸಿಹಾಕುತ್ತಾರೆ. ಕನ್ನಡಕ್ಕಾದ ಈ ಅವಮಾನಕ್ಕೆ ಯಾವ ಠಾಣೆಯಲ್ಲೂ ದೂರು ದಾಖಲಾಗಿಲ್ಲ.

ಕಾಲೇಜು ಫೆಸ್ಟ್‌ಗಳದೂ ಇದೇ ಕಥೆ. ಲಕ್ಷಲಕ್ಷ ಸುರಿದು ಮುಂಬೈನಿಂದ ಕರೆಸುತ್ತಾರೆ. ಲೈಟು, ಹೋಟೆಲು, ಕಾರು ಎಲ್ಲ ಕರಾರಿನಲ್ಲಿರುತ್ತದೆ. ಇಷ್ಟು ಕನ್ನಡ ಹಾಡು ಇರಬೇಕು ಎಂಬ ಒಂದು ಸಾಲು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಕೊನೆಗೆ ಎದುರಿಗೆ ನಿಂತ ಹುಡುಗ ಕೂಗಬೇಕು. ಕೂಗಿದರೆ ಅವನು ಒರಟ.

ಸೋನು ನಿಗಮ್‌ರನ್ನು ಬೈದದ್ದು ಸಾಕು. ಟ್ರ್ಯಾಕ್ ಹಾಡಿದವರ ಹೆಸರನ್ನೂ ಹಾಕಿ ಎಂದು ಫಿಲ್ಮ್ ಚೇಂಬರಿಗೆ ಒಂದು ಕಾಗದ ಬರೆಯಿರಿ. ಅದಕ್ಕೆ ಹೆಗಲ ಮೇಲೆ ಶಾಲು ಬೇಕಿಲ್ಲ. ಐದು ರೂಪಾಯಿಯ ಅಂಚೆಚೀಟಿ ಸಾಕು.