ತಾರಸಿಯ ಮೇಲಿನ ಹುಂಜ

ಸುದ್ದಗುಂಟೆಪಾಳ್ಯದಲ್ಲಿ ಹಿತ್ತಲು ಎಂದರೆ ಪಕ್ಕದ ಮನೆಯ ಗೋಡೆ. ಹಾಗಾಗಿ ನಮ್ಮ ಕೋಳಿಗಳ ವಾಸ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ ಗಿರಿರಾಜ ತಳಿ. "ಎಲ್ಲಾ ಹ್ಯಾಟೆಗಳೇ ಸಾರ್" ಎಂದು ಮಾರಿದವನು ಆಣೆಯಿಟ್ಟಿದ್ದ. ಅದರಲ್ಲೊಂದು ಹ್ಯಾಟೆಗೆ ಜುಟ್ಟು ಕೆಂಪಾಗಿ, ಗಂಟಲು ಒಡೆದು, ಬೆಳಗಿನ ಜಾವ ಮೂರೂವರೆಗೆ ಕೂಗಿದಾಗ ಇಡೀ ಬೀದಿಗೆ ಸತ್ಯ ತಿಳಿಯಿತು.

ಎದುರಿನ ಪಿ.ಜಿ. ಹುಡುಗರು ಆಗಷ್ಟೇ ಮಲಗುವವರು. "ಅಂಕಲ್, ಇದಕ್ಕೆ ಸ್ನೂಜ್ ಇಲ್ವಾ?" ಅಂದರು. ಕತ್ತಲಿದ್ದರೆ ಸುಮ್ಮನಿದ್ದೀತೆಂದು ಗೂಡಿಗೆ ಕಂಬಳಿ ಹೊದಿಸಿದೆ. ಹುಂಜದ ಒಡಲೊಳಗೇ ಗಡಿಯಾರವಿದೆಯೆಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲೇ ತೋರಿಸಿಕೊಟ್ಟಿದ್ದಾರೆ. ನಮ್ಮದೂ ಕಂಬಳಿಯೊಳಗಿಂದಲೇ ಟೈಮಿಗೆ ಸರಿಯಾಗಿ ಕೂಗಿತು. ಬೆಚ್ಚಗಿದ್ದುದರಿಂದ ಸ್ವರ ಇನ್ನಷ್ಟು ಕುದುರಿತ್ತು.

ಕೆಳಗಿನ ಮನೆಯ ಅಜ್ಜಿಯೊಬ್ಬರೇ ದೂರು ಹೇಳದವರು. ಅವರಿಗೆ ಕಿವಿ ಕೇಳಿಸದು. ಮಿಕ್ಕವರಿಗೆ ಮೊಟ್ಟೆಯ ಲಂಚ. ಮೊಟ್ಟೆ ಮುಟ್ಟದವರ ಕರಿಬೇವಿನ ಕುಂಡಕ್ಕೆ ಕೋಳಿಗೊಬ್ಬರ ಕೊಟ್ಟೆ. ವಾಸನೆ ಎದ್ದ ಮೇಲೆ ಕುಂಡದ ಸಮೇತ ವಾಪಸು ಬಂತು.

ಅಸಲಿಗೆ ಮೊಟ್ಟೆಯಿಡಲು ಹುಂಜದ ಅಗತ್ಯವೇ ಇಲ್ಲ, ಮರಿಯಾಗಲಷ್ಟೇ ಬೇಕು. ಹೊಸಕೋಟೆ ಕಡೆ ತೋಟವಿರುವ ಓದುಗರೇ, ಒಂದು ಹುಂಜವಿದೆ, ಪುಕ್ಕಟೆ. ಕಂಬಳಿಯನ್ನೂ ಕೊಡುತ್ತೇನೆ. ದಯವಿಟ್ಟು ಬೇಗ ಬನ್ನಿ.