ಹೆತ್ತವರ ಎಲ್ ಬೋರ್ಡು

ನಮ್ಮ ಅಪ್ಪಂದಿರೆಲ್ಲ ಶಾಲೆಯಲ್ಲಿ ಫಸ್ಟ್ ರ‍್ಯಾಂಕ್ ಬಂದವರೇ. ಎರಡನೆಯ ರ‍್ಯಾಂಕ್ ಯಾರಿಗೆ ಬರುತ್ತಿತ್ತೋ, ಲೆಕ್ಕದಲ್ಲಿ ಹದಿನೆಂಟು ತೆಗೆದು ಬೆಂಚಿನ ಮೇಲೆ ನಿಂತವರ ಸಂತತಿ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಮಾರ್ಕ್ಸ್ ಕಾರ್ಡು ಬೀರುವಿನ ಒಳಖಾನೆಯಲ್ಲಿ ಸೈಟಿನ ಪತ್ರದ ಕೆಳಗೆ ಭದ್ರವಾಗಿರುವುದರಿಂದ ಮಕ್ಕಳು ತಾಳೆ ನೋಡುವಂತಿಲ್ಲ. ಇಂಥ ಸರ್ವಜ್ಞರ ನೆರಳಲ್ಲಿ ಬೆಳೆದ ಮಗುವಿಗೆ ಧೈರ್ಯ ತಾನಾಗಿ ಬರುತ್ತದೆಂದು ಎಲ್ಲರ ನಂಬಿಕೆ. ನನಗೆ ಅನುಮಾನ. ಎಲ್ಲ ಕಲಿತು ಮುಗಿಸಿದವರಿಗಿಂತ, ನಲವತ್ತರಲ್ಲಿ ಎಡವುತ್ತ ಏನನ್ನಾದರೂ ಕಲಿಯುತ್ತಿರುವ ಅಪ್ಪ ಅಮ್ಮಂದಿರೇ ಮಗುವಿನ ಧೈರ್ಯಕ್ಕೆ ಹೆಚ್ಚು ಒದಗುವವರು.

ಅಮೆರಿಕದ ಎಂಐಟಿಯ ಸಂಶೋಧಕರು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸುಮಾರು ಹದಿನೈದು ತಿಂಗಳ ಕೂಸುಗಳ ಮುಂದೆ ಒಬ್ಬರು ಡಬ್ಬಿಯೊಳಗಿನ ಆಟಿಕೆ ಕಪ್ಪೆಯನ್ನು ತೆಗೆಯಲು ಅರ್ಧ ನಿಮಿಷ ತಿಣುಕಿದರು. ಬೇರೆ ಕೂಸುಗಳ ಮುಂದೆ ಸಲೀಸಾಗಿ ತೆಗೆದು ತೋರಿಸಿದರು. ಆಮೇಲೆ ಮಕ್ಕಳ ಕೈಗೆ ಹಾಡುವ ಆಟಿಕೆಯೊಂದನ್ನು ಕೊಟ್ಟರು. ಅದರ ಮೇಲಿನ ದೊಡ್ಡ ಗುಂಡಿ, ಕೆಟ್ಟ ಲಿಫ್ಟಿನದರಂತೆ, ಬರೀ ಅಲಂಕಾರಕ್ಕೆ. ತಿಣುಕಾಟ ಕಂಡ ಕೂಸುಗಳು ಅದನ್ನು ಮತ್ತೆ ಮತ್ತೆ ಒತ್ತಿದವು. ಸಲೀಸು ಕಂಡವು ಅಷ್ಟು ಸಲ ಒತ್ತಲಿಲ್ಲ. ಗುಂಡಿ ಒತ್ತುವುದೇ ಆತ್ಮವಿಶ್ವಾಸವೇ ಎಂದು ಕೇಳಬಹುದು. ಅಲ್ಲ, ಒಪ್ಪಿದೆ. ಆದರೆ ಇನ್ನೊಂದು ಸಲಕ್ಕೆ ಆದೀತು ಎಂಬ ಆಸೆಯಿಲ್ಲದೆ ಯಾರೂ ಒತ್ತುವುದಿಲ್ಲ. ಅದೂ ಅಲ್ಲಿ ತಿಣುಕಿದವರು ಮಗುವಿಗೆ ಗುರುತು ಪರಿಚಯವಿಲ್ಲದವರು. ಹಾಗಿದ್ದರೆ ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಎಲ್ ಬೋರ್ಡು ಅಂಟಿಸಿದ ಸ್ಕೂಟಿ ಕಲಿಯುವ ಅಮ್ಮನ ಮಹಿಮೆ ಎಷ್ಟಿರಬೇಡ! ಎರಡೂ ಕಾಲನ್ನು ನೆಲಕ್ಕೆ ಉಜ್ಜುತ್ತ, ಬ್ರೇಕ್ ಹಿಡಿಯುವ ಗಾಬರಿಯಲ್ಲಿ ಆಕ್ಸಿಲರೇಟರ್ ತಿರುವಿ, ಒಂದು ಚಪ್ಪಲಿಯನ್ನು ದಾರಿಯಲ್ಲೇ ಬಿಟ್ಟು, ಖೋಖೋ ಕಂಬದ ಗೇಣು ದೂರದಲ್ಲಿ ನಿಂತು, ಬೆವರೊರೆಸಿಕೊಂಡು ಮತ್ತೆ ಸ್ಟಾರ್ಟ್ ಮಾಡುತ್ತಾಳಲ್ಲ, ಕಟ್ಟೆಯ ಮೇಲೆ ಕುಳಿತ ಮಗಳಿಗೆ ದಕ್ಕುವುದು ಆ ಎರಡನೆಯ ಸ್ಟಾರ್ಟು.

ಹೆತ್ತವರು ಎಡವಿದ್ದನ್ನು ಕಂಡರೆ ಮಕ್ಕಳಿಗೆ ಸದರವಾಗುವುದಿಲ್ಲವೇ ಎಂಬುದು ಹಿರಿಯರ ಆಕ್ಷೇಪ. ನಗುತ್ತಾರೆ, ನಿಜ, ನಗಲಿ ಬಿಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಹೈಮೊವಿಟ್ಜ್ ಮತ್ತು ಡ್ವೆಕ್ 2016ರಲ್ಲಿ ತೋರಿಸಿದಂತೆ, ಬುದ್ಧಿಶಕ್ತಿಯ ಬಗ್ಗೆ ಹೆತ್ತವರು ಏನು ನಂಬುತ್ತಾರೆಂಬುದು ಮಕ್ಕಳಿಗೆ ಅಷ್ಟಾಗಿ ತಿಳಿಯದು. ಸೋಲನ್ನು ಅವರು ಹೇಗೆ ಕಾಣುತ್ತಾರೆಂಬುದು ಮಾತ್ರ ತಿಳಿದುಬಿಡುತ್ತದೆ. ಗುಟ್ಟು ಹೇಗೂ ರಟ್ಟಾಗಿದೆ. ಹಾಗಂತ ಹೆತ್ತವರ ಕಲಿಕೆಯೆಲ್ಲ ಮಕ್ಕಳಿಗೆ ಒದಗುವುದಿಲ್ಲ. ಆತ್ಮವಿಕಾಸದ ಶಿಬಿರಕ್ಕೆ ಹೋಗಿಬಂದು ಬೆಳಗಿನ ಐದಕ್ಕೇ ಮನೆಮಂದಿಯನ್ನೆಲ್ಲ ಎಬ್ಬಿಸುವ ಅಪ್ಪನಿದ್ದಾನೆ. ಅವನ ವಿಕಾಸದಿಂದ ಮಕ್ಕಳಿಗೆ ಬರುವುದು ಆಕಳಿಕೆ ಮಾತ್ರ. ದುಡಿದು ದಣಿದು ಬರುವವರಿಗೆ ಕಲಿಯಲು ಪುರುಸೊತ್ತೆಲ್ಲಿ ಎಂಬ ಪ್ರಶ್ನೆಗೆ ತೂಕವಿದೆ. ಆದರೆ ಇದಕ್ಕೆ ಕ್ಲಾಸಿಗೇ ಸೇರಬೇಕಿಲ್ಲ. ಮಗನಿಂದ ಯುಪಿಐ ಹೇಳಿಸಿಕೊಂಡರೂ ಸಾಕು. ಪಿನ್ ಒಮ್ಮೆ ತಪ್ಪಿದರೆ ಇನ್ನೂ ಒಳ್ಳೆಯದು.

ಅದಕ್ಕೂ ವೇಳೆಯಿಲ್ಲವೆಂದರೆ ಇವತ್ತು ಸಂಜೆ ಆ ಮಾರ್ಕ್ಸ್ ಕಾರ್ಡನ್ನು ಬೀರುವಿನಿಂದ ಆಚೆ ತೆಗೆಯಿರಿ. ತೋರಿಸುವಾಗ ಲೆಕ್ಕದ ಸಾಲಿಗೆ ಹೆಬ್ಬೆರಳು ಅಡ್ಡ ಇಡಬೇಡಿ.