ನಾಲ್ಕನೇ ಸೀಟಿನ ಸವಾರ

‘ಕುದುರೆ ಕಂಡರೆ ಕಾಲು ನೋವು’ ಎಂಬ ಗಾದೆ ಕಟ್ಟಿದವನು ಜನ್ಮದಲ್ಲಿ ಕುದುರೆ ಹತ್ತಿದವನಲ್ಲ. ಹತ್ತಿ ಇಳಿದವನಿಗೆ ನೋವು ಕಾಲಿನಲ್ಲಿರುವುದಿಲ್ಲ. ಎಲ್ಲಿರುತ್ತದೆ ಎಂಬುದನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯಲಾಗದು.

ಮುಂಬಯಿ ಬಳಿಯ ಡೊಂಬಿವಲಿಯ ಮೂರನೇ ಮಹಡಿಯಲ್ಲಿರುವ ನನ್ನಂಥ ಐವತ್ತೆರಡು ವರ್ಷದ ಮನುಷ್ಯನಿಗೆ ಕುದುರೆ ಹತ್ತುವ ಹುಚ್ಚು ಹಿಡಿಸಿದ್ದು ಒಂದು ಘೋಷವಾಕ್ಯ. ದೂರದ ಕುದುರೆ ಸವಾರಿ, ಅಂದರೆ ಎಂಡ್ಯುರೆನ್ಸ್ ರೈಡಿಂಗ್‌ನಲ್ಲಿ ಮುಗಿಸಿದವನೇ ಗೆದ್ದವನಂತೆ. ಶಾಲೆಯ ಓಟದಲ್ಲಿ ಪ್ರತಿವರ್ಷ ಕೊನೆಯವನಾಗಿ, ಆದರೆ ತಪ್ಪದೆ ಮುಗಿಸುತ್ತಿದ್ದ ನನಗೆ ನಲವತ್ತು ವರ್ಷ ತಡವಾಗಿ ನ್ಯಾಯ ಸಿಕ್ಕಂತಾಯಿತು. 1955ರಲ್ಲಿ ಕ್ಯಾಲಿಫೋರ್ನಿಯಾದ ವೆಂಡೆಲ್ ರೋಬಿ, ಒಂದೇ ದಿನದಲ್ಲಿ ನೂರು ಮೈಲಿ ಹೋಗುವ ತಾಕತ್ತು ಈಗಿನ ಕುದುರೆಗಳಿಗೂ ಇದೆ ಎಂದು ತೋರಿಸಲು ಕೆಲವರೊಂದಿಗೆ ಹೊರಟನಂತೆ. ಅದೇ ಮುಂದೆ ಟೆವಿಸ್ ಕಪ್ ಆಯಿತು. ನೂರು ಮೈಲಿ ಅಂದರೆ 160 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ, ಸಿಎಸ್‌ಎಂಟಿಯಿಂದ ಕರ್ಜತ್ ಮುಟ್ಟಿ, ತಿರುಗಿ ಮುಂಬ್ರಾದವರೆಗೆ. ಹಳಿ ರಿಪೇರಿಯ ಮೆಗಾಬ್ಲಾಕ್ ಇದ್ದ ಭಾನುವಾರ ಲೋಕಲ್ ರೈಲಿಗೂ ಒಂದು ದಿನ ಬೇಕು.

“ಹೊಸಬರಿಗೆ 20 ಕಿಲೋಮೀಟರ್, 40 ಕಿಲೋಮೀಟರ್ ಸಾಕಂತೆ” ಎಂದೆ.

“ಹೊಸಬರು ಅಂದರೆ ಹುಡುಗರು ಮಾರಾಯ್ರೆ” ಎಂದಳು ಹೆಂಡತಿ.

ಕಲಿಯುವುದೆಲ್ಲಿ? ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸ್ 1883ರಿಂದ ಅಲ್ಲೇ ಇದೆ. ಆದರೆ ಅಲ್ಲಿ ಸುತ್ತು ಸುಮಾರು 2,400 ಮೀಟರ್. ನೂರು ಮೈಲಿಯ ಅರ್ಧ, 80 ಕಿಲೋಮೀಟರ್ ಆಗಬೇಕಾದರೆ ಮೂವತ್ತಮೂರು ಪ್ರದಕ್ಷಿಣೆ! ಅಷ್ಟು ಪ್ರದಕ್ಷಿಣೆಯನ್ನು ನಾನು ಪಕ್ಕದ ಮಹಾಲಕ್ಷ್ಮಿ ದೇವಸ್ಥಾನದಲ್ಲೂ ಹಾಕಿದವನಲ್ಲ. ಕೊನೆಗೆ ಕಲ್ಯಾಣದಾಚೆ ಒಂದು ಲಾಯ ಹಿಡಿದೆ.

ಈ ಆಟದಲ್ಲಿ ಬಹುಪಾಲು ನಾಗಾಲೋಟವಲ್ಲ, ದುಲಕಿ. ಕುದುರೆಯ ಒಂದು ಹೆಜ್ಜೆಗೆ ಏಳಬೇಕು, ಇನ್ನೊಂದಕ್ಕೆ ಕೂರಬೇಕು. ಪೂರ್ತಿ ಕೂತರೆ ಬೆನ್ನುಮೂಳೆ ಲೆಕ್ಕ ಕೇಳುತ್ತದೆ. ಪೂರ್ತಿ ಎದ್ದರೆ ಕುದುರೆ ಮುಂದೆ, ನಾವು ಹಿಂದೆ. ಎರಡೇ ಪಾಠಕ್ಕೆ ಈ ವಿದ್ಯೆ ನನಗೆ ಬಂದದ್ದು ನೋಡಿ ಉಸ್ತಾದರು ದಂಗಾದರು. “ಮೊದಲು ಎಲ್ಲಿ ಕಲಿತಿರಿ?” “ಸೆಂಟ್ರಲ್ ರೈಲ್ವೆಯಲ್ಲಿ.” ಸುಳ್ಳಲ್ಲ. ಮೂವರ ಬೆಂಚಿನ ತುದಿಯಲ್ಲಿ ‘ಥೋಡಾ ಸರ್ಕೋ’ ಎಂದು ಗಿಟ್ಟಿಸಿದ ನಾಲ್ಕನೇ ಸೀಟಿನಲ್ಲಿ, ಅರ್ಧ ಮೈ ಹಲಗೆಯ ಮೇಲೆ, ಇನ್ನರ್ಧ ಗಾಳಿಯಲ್ಲಿ, ಭಾರವೆಲ್ಲ ತೊಡೆಯ ಮೇಲೆ: ಮೂವತ್ತು ವರ್ಷ ನಾನು ಮಾಡಿದ್ದೇ ಅದು.

ಮೂರನೇ ಪಾಠಕ್ಕೆ ಬಿದ್ದೆ. ರಿಕಾಪಿನಿಂದ ಕಾಲು ಜಾರಿತು, ನಾನೂ ಜಾರಿದೆ. ಕುದುರೆ ನಿಂತು ತಿರುಗಿ ನೋಡಿತು. ಮುಂಬಯಿಯ ಕಾಲಾಘೋಡಾ ನೆನಪಾಯಿತು. ಅಲ್ಲಿದ್ದ ಏಳನೇ ಎಡ್ವರ್ಡ್ ದೊರೆಯ ಪ್ರತಿಮೆಯನ್ನು 1965ರಲ್ಲಿ ಕುದುರೆ ಸಮೇತ ಬೈಖಲಾದ ರಾಣಿಬಾಗಿಗೆ ಸಾಗಿಸಿದರು. 2017ರಲ್ಲಿ ಹೊಸ ಕುದುರೆ ಬಂದು ನಿಂತಿತು, ಮೇಲೆ ಯಾರೂ ಇಲ್ಲ. ಅನುಭವಸ್ಥ ಕುದುರೆ.

ಆದರೆ ಈ ಕ್ರೀಡೆಯ ನಿಜವಾದ ಮಜಾ ಸವಾರಿಯಲ್ಲಿಲ್ಲ, ತಪಾಸಣೆಯಲ್ಲಿದೆ. ಒಂದು ಹಂತ ಮುಗಿಸಿ ಬಂದ ಕೂಡಲೆ ಪಶುವೈದ್ಯರು ಕುದುರೆಯ ನಾಡಿ ಹಿಡಿಯುತ್ತಾರೆ. ನಿಗದಿತ ಹೊತ್ತಿನೊಳಗೆ ಅದು ನಿಮಿಷಕ್ಕೆ 64ಕ್ಕೆ ಇಳಿಯಬೇಕು, ಇಳಿಯದಿದ್ದರೆ ಮನೆಗೆ. ಆಮೇಲೆ ಹೊಟ್ಟೆಗೆ ಕಿವಿಗೊಟ್ಟು ಕರುಳಿನ ಗುಡುಗುಡು ಕೇಳುತ್ತಾರೆ, ಚರ್ಮ ಚಿವುಟಿ ನೀರು ಕಡಿಮೆಯಾಗಿದೆಯೇ ನೋಡುತ್ತಾರೆ, ಒಸಡು ಒತ್ತುತ್ತಾರೆ, ಕುಂಟುತ್ತಿದೆಯೇ ಎಂದು ಓಡಿಸುತ್ತಾರೆ. ಬಳಿಕ ಕಡ್ಡಾಯ ವಿಶ್ರಾಂತಿ. ಮೇಲೆ ಕೂತು ಬಂದವನತ್ತ ಒಬ್ಬರೂ ತಿರುಗಿ ನೋಡುವುದಿಲ್ಲ. ಇದನ್ನು ಮನೆಯಲ್ಲಿ ವಿವರಿಸಿದ್ದೇ ತಪ್ಪಾಯಿತು. ಅಂದು ಲಿಫ್ಟ್ ಕೆಟ್ಟು ಮಹಡಿ ಹತ್ತಿ ಬಂದಿದ್ದೆ. ಹೆಂಡತಿ ಕೋವಿಡ್ ಕಾಲದ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದಳು. ನಾಡಿ 118. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಳು. 96.

“ಕುದುರೆಯಾಗಿದ್ದರೆ ನಿಮ್ಮನ್ನು ಹೊರಹಾಕುತ್ತಿದ್ದರು” ಎಂದಳು. ರಾತ್ರಿ ಊಟಕ್ಕೆ ಹುರುಳಿ ಸಾರು. ಮಾತಿಗಿಂತ ಸಾರು ಖಾರವಾಗಿತ್ತು.

ದೂರದ ಅಭ್ಯಾಸಕ್ಕೆಂದು ಮಾಥೇರಾನಿಗೆ ಹೋದೆ. ಮೋಟಾರಿಗೆ ನಿಷೇಧವಿರುವ ಊರು. ಈಚೆಗೆ ಒಂದಷ್ಟು ಇ-ರಿಕ್ಷಾ ಬಂದಿವೆ, ಕುದುರೆಯವರಿಗೆ ಅದು ಹಿಡಿಸಿಲ್ಲ. 2015ರಲ್ಲಿ ಹೈಕೋರ್ಟು ಮುಂಬಯಿಯ ವಿಕ್ಟೋರಿಯಾ ಕುದುರೆಗಾಡಿಗಳಿಗೆ ವಿದಾಯ ಹೇಳಿದ ಮೇಲೆ, ಈ ಸೀಮೆಯಲ್ಲಿ ಕುದುರೆಯ ಕಾಲಮೇಲೆ ಇನ್ನೂ ನಿಂತಿರುವ ಊರು ಇದೇ. ಕುದುರೆಯವನೊಬ್ಬ ನನ್ನ ಕತೆಯೆಲ್ಲ ಕೇಳಿ, “ಇಷ್ಟು ದೂರ ಹೋಗಿ ಯಾವ ಪಾಯಿಂಟ್ ನೋಡುತ್ತೀರಿ?” ಎಂದ. ಉತ್ತರವಿರಲಿಲ್ಲ.

ಎಂಟನೇ ಕಿಲೋಮೀಟರಿಗೆ ತೊಡೆ ಸೋತಿತು. ನಿಯಮ ನೆನಪಾಯಿತು: ಈ ಆಟದಲ್ಲಿ ದಾರಿಯಲ್ಲಿ ಇಳಿದು ಕುದುರೆಯ ಜೊತೆ ನಡೆಯಬಹುದು. ಇಷ್ಟು ಮಾನವೀಯ ಕ್ರೀಡೆ ಇನ್ನೊಂದಿಲ್ಲ. ಇಳಿದೆ. ಕೆಂಪು ಧೂಳು ತಲೆಯಿಂದ ಬೂಟಿನವರೆಗೆ, ಹೆಗಲಲ್ಲಿ ಬೆವರಿನ ಟವೆಲು, ಕೈಯಲ್ಲಿ ಲಗಾಮು. ಕುದುರೆಯವ ಬೀಡಿ ಹಚ್ಚಲು ಹಿಂದೆ ಉಳಿದಿದ್ದ. ಎದುರಿನಿಂದ ಮಕ್ಕಳುಮರಿ ಸಮೇತ ಒಂದು ಸಂಸಾರ ಬಂತು. ಯಜಮಾನರು ನನ್ನನ್ನು ಅಡ್ಡಗಟ್ಟಿ ಕೇಳಿದರು: “ಭಯ್ಯಾ, ಎಕೋ ಪಾಯಿಂಟ್‌ಗೆ ಎಷ್ಟು?”

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕೂಗು ಕೇಳಿತು: “ಅವನನ್ನು ಕೇಳಬೇಡಿ ಸಾಹೇಬ್, ಅವನು ಹೊಸಬ!”